ಒಳಗ ಇನ್ನೂ ನೀರೈತಿ

ಕೃಷ್ಣೆಯ ಮಹಾಪೂರ ಇಳಿದ ಮೇಲೆ ದಂಡೆಯ ಊರುಗಳಲ್ಲಿ ಹೆಚ್ಚು ಜನ ಸೇರುವುದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಗಳ ಮುಂದೆ. 2019ರ ಆಗಸ್ಟ್‌ನಲ್ಲೂ ಹಾಗೇ ಆಯಿತು. ಸಹ್ಯಾದ್ರಿಯ ಮಳೆ, ಕೊಯ್ನಾ ಅಣೆಕಟ್ಟೆಯಿಂದ ಬಿಟ್ಟ ನೀರು, ದೂಧಗಂಗಾ ವೇದಗಂಗಾಗಳ ಉಕ್ಕು ಎಲ್ಲ ಸೇರಿ ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ಕಡೆಯ ಕಬ್ಬಿನ ಹೊಲಗಳಲ್ಲಿ ನೀರು ದಿನಗಟ್ಟಲೆ ನಿಂತಿತು. ನೀರು ಸರಿಯುತ್ತಿದ್ದಂತೆ ಟ್ರ್ಯಾಕ್ಟರ್‌ಗಳಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು, ಇಬ್ಬರು ಬಡಿಗೆಗೆ ತೂಗುಹಾಕಿಕೊಂಡು ಜನ ಮೋಟಾರುಗಳನ್ನು ತರತೊಡಗಿದರು. ಅಂಗಡಿಯ ಮುಂದಿನ ರಸ್ತೆಯುದ್ದಕ್ಕೂ ಕೆಸರು ಮೆತ್ತಿದ ಮೋಟಾರುಗಳು ಸಾಲಾಗಿ ಕೂತವು. ತೊಳೆದ ಮೋಟಾರಿನ ಬೆನ್ನ ಮೇಲೆ ಚಾಕ್‌ಪೀಸಿನಿಂದ ಊರಿನ ಹೆಸರು, ಅದರ ಕೆಳಗೆ ಒಂದು ಅಂಕಿ. ಹೆಚ್ಚಿನವುಗಳ ಮೇಲೆ ಇದ್ದ ಅಂಕಿ ಸೊನ್ನೆ.

ಆ ಸಾಲಿನ ಪಕ್ಕದಲ್ಲಿ ಕೇಳಿದ ಒಂದು ಮಾತು ಈ ಅಧ್ಯಾಯಕ್ಕೆ ಕಾರಣ. ಹರೆಯದ ರೈತನೊಬ್ಬ ತನ್ನ ಹತ್ತು ಎಚ್‌ಪಿ ಮೋಟಾರನ್ನು ತಟ್ಟುತ್ತ ಕೇಳಿದ: "ನಾಕ್ ದಿನ ಬಿಸಲಾಗ ಇಟ್ಟೇನ್ರಿ ಕಾಕಾ. ಚೊಲೋ ಒಣಗೇತಿ. ಚಾಲೂ ಮಾಡ್ಲೇನ್ರಿ?" ಅಂಗಡಿಯ ಹಿರಿಯ ತಲೆ ಎತ್ತದೆ ಹೇಳಿದರು: "ಮ್ಯಾಲ ಒಣಗೇತಿ ತಮ್ಮಾ. ಒಳಗ ಇನ್ನೂ ನೀರೈತಿ."

ಈ ಉತ್ತರದಲ್ಲಿ ಎಷ್ಟು ಭೌತಶಾಸ್ತ್ರ ಅಡಗಿದೆ ಎಂಬುದು ನನಗೆ ಆಮೇಲೆ ತಿಳಿಯುತ್ತ ಹೋಯಿತು. ನೆರೆಯಲ್ಲಿ ಮುಳುಗಿದ ಮೋಟಾರು ನೀರಿನಿಂದಲೇ ಸುಟ್ಟುಹೋಗುವುದಿಲ್ಲ. ವಾರಗಟ್ಟಲೆ ನೀರಿನೊಳಗೆ ಬಿದ್ದಿದ್ದ ಎಷ್ಟೋ ಮೋಟಾರುಗಳು ಬದುಕಿ ಬರುತ್ತವೆ. ಅವುಗಳನ್ನು ಕೊಲ್ಲುವುದು ನೀರು ಇಳಿದ ಮೇಲೆ, ಒಂದು ಸಲ ನೋಡೋಣ ಎಂದು ಅದುಮಿದ ಹಸಿರು ಗುಂಡಿ.

ಮೋಟಾರಿನ ಒಳಗೆ ಇಣುಕಿ ನೋಡೋಣ. ಬೀಡು ಕಬ್ಬಿಣದ ಹೊರ ಕವಚ, ಅದರೊಳಗೆ ತೆಳ್ಳನೆಯ ಉಕ್ಕಿನ ತಗಡುಗಳನ್ನು ಒತ್ತಿ ಮಾಡಿದ ಸ್ಟೇಟರ್. ಅದರ ಒಳಮೈಯಲ್ಲಿ ಉದ್ದಕ್ಕೂ ಸೀಳಿದ ತೋಡುಗಳಿವೆ. ಇವಕ್ಕೆ ಸ್ಲಾಟ್ ಎನ್ನುತ್ತಾರೆ. ಒಂದೊಂದು ಸ್ಲಾಟ್‌ನಲ್ಲೂ ಹತ್ತಾರು ಸುತ್ತು ತಾಮ್ರದ ತಂತಿ, ಅದೇ ವೈಂಡಿಂಗ್. ತಂತಿಯ ಮೇಲಿರುವ ಹೊಳಪು ಬರೀ ಬಣ್ಣದಂತೆ ಕಾಣುತ್ತದೆ. ಅದು ಎನಾಮಲ್, ಒಂದು ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟು ದಪ್ಪದ ಪೊರೆ. ತಂತಿಗೂ ಕಬ್ಬಿಣಕ್ಕೂ ನಡುವೆ ಪಾಲಿಯೆಸ್ಟರ್ ಹಾಳೆ ಅಥವಾ ಗಟ್ಟಿ ಕಾಗದದ ಇನ್ನೊಂದು ಗೋಡೆ. ಇವೆಲ್ಲವನ್ನೂ ಹಿಡಿದಿಡಲು ಮೇಲಿಂದ ಸುರಿದ ವಾರ್ನಿಷ್. ಮೂರು ಫೇಸ್ ಮೋಟಾರಿಗೆ ಬರುವುದು 415 ವೋಲ್ಟ್. ಒಂದು ಫೇಸಿಗೂ ಭೂಮಿಗೂ ನಡುವೆ 240 ವೋಲ್ಟ್, ಅಲೆಯ ತುದಿಯಲ್ಲಿ ಸುಮಾರು 340 ವೋಲ್ಟ್. ಈ ಒತ್ತಡವನ್ನೆಲ್ಲ ಹೊಲದಲ್ಲಿ ಹಗಲಿರುಳು ತಡೆದು ನಿಲ್ಲಿಸುವುದು ಕೂದಲೆಳೆಗಿಂತ ತೆಳುವಾದ ಆ ಪೊರೆ.

ಒಣಗಿದ್ದಾಗ ಆ ಪೊರೆ ಧಾರಾಳವಾಗಿ ಸಾಕು. ತಂತಿ ಸುತ್ತುವಾಗ, ಸ್ಲಾಟ್‌ಗೆ ತುರುಕುವಾಗ ಎನಾಮಲ್‌ನಲ್ಲಿ ಅಲ್ಲಲ್ಲಿ ಸೂಜಿಮೊನೆಯಂಥ ತೂತುಗಳು ಬಿದ್ದಿರುತ್ತವೆ. ಯಾವ ಮೋಟಾರೂ ಇದಕ್ಕೆ ಹೊರತಲ್ಲ. ಆದರೂ ತೊಂದರೆಯಿಲ್ಲ, ಏಕೆಂದರೆ ಆ ತೂತಿನಲ್ಲಿ ಇರುವುದು ಗಾಳಿ, ಗಾಳಿ ಒಳ್ಳೆಯ ಇನ್ಸುಲೇಷನ್. ಮೋಟಾರು ಮುಳುಗಿದಾಗ ಆಗುವುದು ಇಷ್ಟೇ: ಸಾವಿರಾರು ತೂತುಗಳಲ್ಲಿ ಗಾಳಿ ಹೊರಟು ನೀರು ಕೂತುಕೊಳ್ಳುತ್ತದೆ.

ನೀರು ವಿದ್ಯುತ್ತನ್ನು ಹರಿಸುತ್ತದೆ ಎಂದು ಚಿಕ್ಕ ಮಕ್ಕಳಿಗೂ ಹೇಳಿಕೊಟ್ಟಿರುತ್ತೇವೆ. ಎಲ್ಲ ನೀರೂ ಒಂದೇ ತೆರನಾಗಿ ಹರಿಸುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಅತ್ಯಂತ ಶುದ್ಧಗೊಳಿಸಿದ ನೀರಿನ ವಾಹಕತೆ ಒಂದು ಸೆಂಟಿಮೀಟರಿಗೆ 0.055 ಮೈಕ್ರೋಸೀಮೆನ್ಸ್, ಹೆಚ್ಚು ಕಡಿಮೆ ಇನ್ಸುಲೇಟರ್ ಎನ್ನಬಹುದು. ಅದೇ ನದಿಯ ನೀರಿನಲ್ಲಿ ಅದು ನೂರಾರು ಮೈಕ್ರೋಸೀಮೆನ್ಸ್, ಅಂದರೆ ಸಾವಿರಾರು ಪಟ್ಟು. ಕರಗಿದ ಲವಣಗಳ ಅಯಾನುಗಳೇ ಕರೆಂಟನ್ನು ಹೊತ್ತು ಸಾಗುವ ಹಮಾಲರು. ನೆರೆ ನೀರಿನಲ್ಲಿ ಹೊಲದ ರಸಗೊಬ್ಬರ, ಕೊಟ್ಟಿಗೆಯ ಗಂಜಲ, ಚರಂಡಿ ಎಲ್ಲವೂ ಕಲಸಿರುವುದರಿಂದ ಅಲ್ಲಿ ಹಮಾಲರಿಗೇನೂ ಬರವಿಲ್ಲ.

ಇಂಥ ಮೋಟಾರಿಗೆ ಕರೆಂಟು ಕೊಟ್ಟರೆ? ತೂತಿನಿಂದ ತೂತಿಗೆ, ತಂತಿಯಿಂದ ಕಬ್ಬಿಣಕ್ಕೆ ನೀರಿನ ತೆಳು ಪದರದ ಮೂಲಕ ಸೋರಿಕೆ ಶುರುವಾಗುತ್ತದೆ. ಸೋರುವ ಕರೆಂಟು ಆ ಪದರವನ್ನು ಬಿಸಿಮಾಡುತ್ತದೆ. ಒಂದು ಕಡೆ ನೀರು ಆವಿಯಾಗಿ ಪದರ ಹರಿದಾಗ ಆ ಸಣ್ಣ ಅಂತರದಲ್ಲಿ ಕಿಡಿ ಹಾರುತ್ತದೆ, ಕಿಡಿಯ ಕಾವಿಗೆ ಅಡಿಯ ವಾರ್ನಿಷ್ ಕರಕಲಾಗುತ್ತದೆ. ಕರಕಲು ಎಂದರೆ ಇಂಗಾಲ, ಅದು ತಾನೇ ವಾಹಕ. ನೀರಿನ ದಾರಿ ಒಣಗಿದರೆ ಮಾಯವಾಗುತ್ತಿತ್ತು, ಇಂಗಾಲದ ದಾರಿ ಮಾಯವಾಗುವುದಿಲ್ಲ. ಇದರ ಜತೆಗೆ ನಿಂತ ಮೋಟಾರು ಹೊರಡುವಾಗ ತನ್ನ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಬೇರಿಂಗಿನಲ್ಲಿ ಕೆಸರು ಕಚ್ಚಿ ಶಾಫ್ಟ್ ತಿರುಗದಿದ್ದರೆ ಆ ಕರೆಂಟು ಇಳಿಯುವುದೇ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಸುಟ್ಟ ವಾರ್ನಿಷಿನ ವಾಸನೆ ಬರುತ್ತದೆ. ತೊಳೆದು ಒಣಗಿಸಿದ್ದರೆ ಉಳಿಯುತ್ತಿದ್ದ ವೈಂಡಿಂಗನ್ನು ಈಗ ಕಿತ್ತು ಹೊಸದಾಗಿ ಸುತ್ತಬೇಕು. ಒಣಗಿಸುವ ಖರ್ಚಿಗೂ ಸುತ್ತಿಸುವ ಖರ್ಚಿಗೂ ಇರುವ ಅಂತರ ಆ ರೈತನಿಗೆ ಒಂದು ಹಂಗಾಮಿನ ಗೊಬ್ಬರದ ದುಡ್ಡು ಇದ್ದೀತು.

ಮೋಟಾರಿನ ಮಾತು ಮುಂದುವರಿಸುವ ಮೊದಲು ಮನುಷ್ಯನ ಮಾತು ಆಡಲೇಬೇಕು. ನೆರೆ ಇಳಿದ ಪಂಪ್‌ಹೌಸಿಗೆ ಕಾಲಿಡುವುದು ಮೋಟಾರಿಗಿಂತ ನಮಗೆ ಹೆಚ್ಚು ಅಪಾಯ. ಲೈನ್ ಬಂದ್ ಆಗಿದೆ ಎಂದು ನಾವು ಅಂದುಕೊಂಡಿರುತ್ತೇವೆ. ಅಷ್ಟರಲ್ಲಿ ಯಾವುದೋ ಫೀಡರ್ ಚಾಲೂ ಆಗಿರುತ್ತದೆ, ಇಲ್ಲವೇ ಪಕ್ಕದ ಮನೆಯ ಜನರೇಟರ್ ತಪ್ಪಾದ ಜೋಡಣೆಯಿಂದ ಹಿಮ್ಮುಖವಾಗಿ ತಂತಿಗೆ ಕರೆಂಟು ತುಂಬುತ್ತಿರುತ್ತದೆ. ದೇಹದ ಮೂಲಕ 30 ಮಿಲಿಆಂಪಿಯರ್ ಹರಿದರೆ ಸ್ನಾಯುಗಳು ಬಿಗಿದು ಕೈ ಬಿಡಿಸಿಕೊಳ್ಳಲಾಗದು. ಇದು ಒಂದು ಚಿಕ್ಕ ಎಲ್‌ಇಡಿ ದೀಪ ಎಳೆಯುವಷ್ಟು ಕರೆಂಟು. ತಂತಿ ಹರಿದು ಬಿದ್ದ ಹಸಿ ನೆಲದಲ್ಲಿ ವೋಲ್ಟೇಜು ಸುತ್ತ ಹರಡಿಕೊಂಡಿರುತ್ತದೆ, ತಂತಿಯಿಂದ ದೂರ ಹೋದಂತೆ ಇಳಿಯುತ್ತದೆ. ಒಂದು ಕಾಲಿರುವ ಜಾಗಕ್ಕೂ ಇನ್ನೊಂದು ಕಾಲಿರುವ ಜಾಗಕ್ಕೂ ವೋಲ್ಟೇಜಿನಲ್ಲಿ ವ್ಯತ್ಯಾಸವಿದ್ದರೆ ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಎತ್ತು ಎಮ್ಮೆಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ನಮ್ಮ ಹೆಜ್ಜೆಗಿಂತ ದೊಡ್ಡದು, ಕರೆಂಟಿನ ದಾರಿ ಅವುಗಳ ಹೃದಯದ ಹತ್ತಿರವೇ ಹಾಯುತ್ತದೆ. ಮಳೆಗಾಲದಲ್ಲಿ ಮೊದಲು ದನ ಬೀಳುವುದು ಇದಕ್ಕೇ. ದನ ಬಿದ್ದ ಕಡೆ ಓಡಿಹೋಗಬೇಡಿ. ಲೈನ್‌ಮನ್‌ಗೆ ಹೇಳಿ ಟೀಸಿಯಲ್ಲೇ, ಅಂದರೆ ಟ್ರಾನ್ಸ್‌ಫಾರ್ಮರ್ ಬಳಿಯೇ, ಲೈನ್ ತೆಗೆಸಿ, ತೆಗೆದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಸ್ಟಾರ್ಟರ್ ಡಬ್ಬಿಯನ್ನು ಮುಟ್ಟಿ.

ಈಗ ತೊಳೆಯುವ ಕೆಲಸ. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇಲ್ಲೇ. ಮೋಟಾರು ಈಗಾಗಲೇ ನೀರು ಕುಡಿದು ಬಂದಿದೆ, ಅದಕ್ಕೆ ಮತ್ತೆ ನೀರು ಹಾಕುವುದೇ ಎಂದು ಹೆದರಿ ಸೀದಾ ಬಿಸಿಲಿಗಿಡುತ್ತಾರೆ. ಆದರೆ ಕೃಷ್ಣೆಯ ಕೆಸರು ಎಂಥದು ಎಂಬುದನ್ನು ನೆನಪಿಡಬೇಕು. ಅದರ ಬಹುಪಾಲು ಎರೆಮಣ್ಣು. ಎರೆಮಣ್ಣಿನ ಜಿಗುಟು ಕಣಗಳು ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಚಿಕ್ಕವು. ಒಂದೊಂದು ಕಣವೂ ಪುಸ್ತಕದ ಹಾಳೆಗಳಂತೆ ಪದರ ಪದರ. ಹಾಳೆಗಳ ನಡುವೆ ನೀರು ನುಗ್ಗಿ ಪದರಗಳನ್ನು ದೂರ ಸರಿಸುತ್ತದೆ. ಅದಕ್ಕೇ ಎರೆಹೊಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬಿಳಿಜೋಳ ಹಿಂಗಾರಿನಲ್ಲಿ ಮಳೆಯಿಲ್ಲದೆಯೂ ಬೆಳೆಯುವುದು ಈ ಮಣ್ಣು ನೀರನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದರಿಂದ. ಜೋಳಕ್ಕೆ ವರವಾದ ಇದೇ ಗುಣ ಮೋಟಾರಿಗೆ ಶಾಪ. ವೈಂಡಿಂಗಿನ ಸಂದಿಯಲ್ಲಿ ಕೂತ ಎರೆಮಣ್ಣು ಸಣ್ಣದೊಂದು ಕೆರೆ ಇದ್ದ ಹಾಗೆ. ಹೊರಗೆ ಬಿರಿದು ಉದುರುವಷ್ಟು ಒಣಗಿದರೂ ಒಳಪದರಗಳಲ್ಲಿ ನೀರು ಉಳಿದಿರುತ್ತದೆ. ಕಣಗಳ ಮೈಗೆ ಅಂಟಿದ ಅಯಾನುಗಳೂ ಅಲ್ಲೇ ಇರುತ್ತವೆ. ಒಣಗಿದ ಮೋಟಾರು ಮಳೆಗಾಲದ ತೇವದ ಗಾಳಿಗೆ ಮತ್ತೆ ಕೈಕೊಡುವುದು ಈ ಮಣ್ಣಿನಿಂದ.

ಆದ್ದರಿಂದ ಮೊದಲು ಮೋಟಾರು ಬಿಚ್ಚಬೇಕು, ಒಳಗೆ ತಿರುಗುವ ರೋಟರ್ ಹೊರಗೆ ತೆಗೆಯಬೇಕು, ಸ್ಟೇಟರನ್ನು ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಹರಿದು ಹೋಗುವ ನೀರು ತಿಳಿಯಾಗುವವರೆಗೂ. ವಾಹನ ತೊಳೆಯುವ ಜೋರು ಪೈಪು ಬೇಡ, ಅದು ಕೆಸರನ್ನು ಸ್ಲಾಟ್‌ನ ಆಳಕ್ಕೆ ತಳ್ಳುತ್ತದೆ, ವಾರ್ನಿಷನ್ನೂ ಕಿತ್ತೀತು. ಮೆದು ಬ್ರಷ್, ಸಣ್ಣ ಧಾರೆ, ತಾಳ್ಮೆ. ಕೆಸರು ಗಟ್ಟಿಯಾಗುವ ಮೊದಲೇ ಇದಾಗಬೇಕು. ಅಂಗಡಿಗೆ ಒಯ್ಯುವುದು ತಡವಾಗುವಂತಿದ್ದರೆ ಹೊಲದಲ್ಲೇ ಬೋರಿನ ನೀರಿನಿಂದ ಒಮ್ಮೆ ತೊಳೆದಿಡುವುದು ನಾಲ್ಕು ದಿನದ ಬಿಸಿಲಿಗಿಂತ ಲೇಸು.

ಬೇರಿಂಗುಗಳ ಬಗ್ಗೆ ನಾನು ಚೌಕಾಸಿ ಮಾಡುವುದಿಲ್ಲ: ಹೊಸದು ಹಾಕಿ. ಗ್ರೀಸ್‌ನೊಳಗೆ ನೀರು ಸೇರಿದರೆ ಅದು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಜಾರುವ ಗುಣ ಕಳೆದುಕೊಳ್ಳುತ್ತದೆ. ನಯವಾದ ಉಕ್ಕಿನ ಗೋಲಿಗಳ ಮೇಲೆ ತುಕ್ಕಿನ ಚುಕ್ಕಿ ಮೂಡುವುದಕ್ಕೆ ಗಂಟೆಗಳೇ ಸಾಕು, ಅದೂ ನೀರಿನಿಂದ ಹೊರಗೆ ತೆಗೆದ ಮೇಲೆ. ನೀರಿನೊಳಗೆ ಆಮ್ಲಜನಕ ಕಡಿಮೆ, ಹೊರಗೆ ಹಸಿ ಮೈ ಮತ್ತು ಧಾರಾಳ ಗಾಳಿ ಎರಡೂ ಸಿಗುತ್ತವೆ. ಒಂದು ಚುಕ್ಕಿ ಬಿದ್ದ ಬೇರಿಂಗು ಕೆಲವು ತಿಂಗಳಲ್ಲಿ ಕಿರುಗುಟ್ಟುತ್ತದೆ, ಆಮೇಲೆ ರೋಟರ್ ಜೋಲಿ ಹೊಡೆದು ಸ್ಟೇಟರನ್ನು ಉಜ್ಜುತ್ತದೆ. ಬದುಕಿಸಿದ ವೈಂಡಿಂಗು ಹಳೆಯ ಬೇರಿಂಗಿನಿಂದ ಸತ್ತದ್ದನ್ನು ಅಂಗಡಿಯವರು ಬೇಕಾದಷ್ಟು ನೋಡಿದ್ದಾರೆ.

ಒಣಗಿಸುವುದು ಎಂದರೆ ನೀರನ್ನು ಆವಿ ಮಾಡಿ ಹೊರಗೆ ಕಳಿಸುವುದು. ಲೆಕ್ಕ ಹಾಕಿ ನೋಡೋಣ. ಸೋಸಿ ಬಸಿದ ಮೇಲೂ ಒಂದು ವೈಂಡಿಂಗಿನಲ್ಲಿ 200 ಗ್ರಾಂ ನೀರು ಉಳಿದಿದೆ ಎಂದುಕೊಳ್ಳಿ. ಒಂದು ಕೆಜಿ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಬೇಕು. 200 ಗ್ರಾಂಗೆ 450ರಷ್ಟು. ಇದೇನು ದೊಡ್ಡದಲ್ಲ. ಆದರೆ ಆ ನೀರು ಕೂತಿರುವುದು 75 ಕೆಜಿ ಕಬ್ಬಿಣದ ಹೊಟ್ಟೆಯಲ್ಲಿ. ಆ ಕಬ್ಬಿಣವನ್ನು 30 ಡಿಗ್ರಿಯಿಂದ 80 ಡಿಗ್ರಿಗೆ ಏರಿಸಲು 1,700 ಕಿಲೋಜೂಲ್ ಹತ್ತಿರ ಬೇಕು. ನೀರಿಗೆ ಬೇಕಾದದ್ದರ ಮೂರುಪಟ್ಟಿಗೂ ಹೆಚ್ಚು ಶಾಖವನ್ನು ಕಬ್ಬಿಣವೇ ನುಂಗುತ್ತದೆ. ಬಿಸಿಲಿನಲ್ಲಿ ಇಟ್ಟ ಮೋಟಾರಿನ ಕವಚ ಮುಟ್ಟಲಾಗದಷ್ಟು ಕಾದಿರಬಹುದು, ಒಳಗಿನ ಸ್ಲಾಟ್‌ಗೆ ಆ ಬಿಸಿ ಇಳಿಯುವಷ್ಟರಲ್ಲಿ ಸಂಜೆಯಾಗುತ್ತದೆ. ರಾತ್ರಿ ಕಬ್ಬಿಣ ತಣಿದಾಗ ಗಾಳಿಯ ತೇವ ಮತ್ತೆ ಅದರ ಮೇಲೆ ಇಬ್ಬನಿಯಂತೆ ಕೂರುತ್ತದೆ. ನಾಲ್ಕು ದಿನದ ಬಿಸಿಲು ನಾಲ್ಕು ರಾತ್ರಿಯ ಇಬ್ಬನಿಯೂ ಹೌದು.

ಹಳೆಯ ರಿವೈಂಡರುಗಳು ಸ್ಟೇಟರ್‌ನ ನಡುವಿನ ಟೊಳ್ಳಿಗೆ 200 ವಾಟ್‌ನ ಎರಡು ಬಲ್ಬ್ ಇಳಿಬಿಟ್ಟು, ಮೇಲೆ ಗೋಣಿಚೀಲ ಹೊದಿಸಿ ರಾತ್ರಿಯಿಡೀ ಬಿಡುತ್ತಿದ್ದರು. ಎರಡು ಬಲ್ಬು ಸೇರಿ 400 ವಾಟ್. ಶಾಖ ಒಂದಿಷ್ಟೂ ಹೊರಹೋಗದಿದ್ದರೆ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಬೇಕಿತ್ತು. ಹೊರಹೋಗುತ್ತದೆ, ಅದಕ್ಕೇ ರಾತ್ರಿಯಿಡೀ. ತಂತಿ ಉರಿಯುವ ಹಳೆಯ ಬಲ್ಬು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕರೆಂಟನ್ನು ಶಾಖವಾಗಿಯೇ ಕಳೆಯುತ್ತಿತ್ತು. ಬೆಳಕಿಗೆ ಅದು ದಂಡ, ಮೋಟಾರಿಗೆ ಅದೇ ಬೇಕಾಗಿತ್ತು. ಎಲ್‌ಇಡಿ ಬಂದ ಮೇಲೆ ಆ ಬಲ್ಬುಗಳು ಸಿಗುವುದು ಕಷ್ಟವಾಗಿದೆ. ಈಗ ಹೀಟರ್ ಬ್ಲೋವರ್, ಇಲ್ಲವೇ ದೊಡ್ಡ ಅಂಗಡಿಗಳಲ್ಲಿ ಒಲೆಯಂಥ ಪೆಟ್ಟಿಗೆ.

ಗೋಣಿಚೀಲದ ಮೇಲ್ತುದಿಯಲ್ಲಿ ಅವರು ಯಾವಾಗಲೂ ಒಂದು ಕಿಂಡಿ ಬಿಡುತ್ತಿದ್ದರು. 25 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹೊತ್ತೀತು, 60 ಡಿಗ್ರಿಯ ಗಾಳಿ 130 ಗ್ರಾಂ. ಕಾದ ಗಾಳಿಗೆ ಐದು ಪಟ್ಟು ಹಸಿವು. ಹೊಟ್ಟೆ ತುಂಬಿದ ಗಾಳಿ ಅಲ್ಲೇ ನಿಂತರೆ ಒಣಗುವುದು ನಿಂತುಹೋಗುತ್ತದೆ. ಅದು ಹೊರಡಬೇಕು, ಹೊಸ ಗಾಳಿ ಬರಬೇಕು. ಆ ಕಿಂಡಿಯಿಲ್ಲದೆ ಬಿಗಿಯಾಗಿ ಮುಚ್ಚಿ ಬಿಸಿಮಾಡಿದವರು ಮೋಟಾರನ್ನು ಇಡ್ಲಿಯಂತೆ ಬೇಯಿಸುತ್ತಾರೆ.

ಹಾಗೆಂದು ಬೇಗ ಮುಗಿಸೋಣವೆಂದು ಬೆಂಕಿಯ ಮೇಲೂ ಇಡಬಾರದು. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಎನಾಮಲ್‌ನ ಕೆಳಗೆ, ಕಾಗದದ ಪದರಗಳ ನಡುವೆ ಸಿಕ್ಕಿಬಿದ್ದ ಹನಿ 100 ಡಿಗ್ರಿ ದಾಟಿದರೆ ಹೊರಬರಲು ದಾರಿ ಕಾಣದೆ ಪದರವನ್ನೇ ಒಡೆಯುತ್ತದೆ. ಹಪ್ಪಳದ ಮೇಲೆ ಗುಳ್ಳೆ ಏಳುವುದು ಇದೇ ರೀತಿ. ಇನ್ಸುಲೇಷನ್ ತಾನೇ 130 ಅಥವಾ 155 ಡಿಗ್ರಿ ತಾಳಬಲ್ಲದ್ದಾದರೂ ನೀರಿರುವವರೆಗೆ 80-90 ಡಿಗ್ರಿಯ ಆಚೆ ಹೋಗಬಾರದು. ಅದೂ ನಿಧಾನವಾಗಿ ಏರಬೇಕು.

ಒಣಗಿತೇ ಇಲ್ಲವೇ ಎಂದು ಕೈಯಿಂದ ಮುಟ್ಟಿ ತಿಳಿಯುವುದಿಲ್ಲ. ಚಾಕ್‌ಪೀಸಿನ ಆ ಸೊನ್ನೆ ಹುಟ್ಟುವುದು ಮೆಗ್ಗರ್‌ನಿಂದ. ಕೈಯಿಂದ ತಿರುಗಿಸುವ ಹಿಡಿಕೆಯ ಆ ಕಪ್ಪು ಪೆಟ್ಟಿಗೆಯನ್ನು ಲೈನ್‌ಮನ್‌ಗಳ ಬಳಿ ನೀವು ನೋಡಿರಬಹುದು. ಬ್ರಿಟಿಷ್ ಎಂಜಿನಿಯರ್ ಸಿಡ್ನಿ ಎವರ್‌ಶೆಡ್ 1889ರಲ್ಲಿ ಇನ್ಸುಲೇಷನ್ ಅಳೆಯುವ ಉಪಕರಣಕ್ಕೆ ಪೇಟೆಂಟ್ ಪಡೆದರು. 1903ರಲ್ಲಿ ಮೆಗ್ಗರ್ ಎಂಬುದು ಅವರ ಕಂಪನಿಯ ನೋಂದಾಯಿತ ಹೆಸರಾಯಿತು. ಈಗ ಯಾವ ಕಂಪನಿಯದಿದ್ದರೂ ನಮ್ಮಲ್ಲಿ ಅದು ಮೆಗ್ಗರೇ. ಅದು ವೈಂಡಿಂಗ್ ಮತ್ತು ಕವಚದ ನಡುವೆ 500 ವೋಲ್ಟ್ ಡಿಸಿ ಒತ್ತಡ ಕೊಟ್ಟು, ಎಷ್ಟು ಕರೆಂಟು ಸೋರುತ್ತದೆಂದು ನೋಡಿ, ರೋಧವನ್ನು ಮೆಗಾಓಮ್‌ನಲ್ಲಿ ಹೇಳುತ್ತದೆ. ಒಂದು ಮೆಗಾಓಮ್ ಅಂದರೆ ಹತ್ತು ಲಕ್ಷ ಓಮ್.

ಮಲ್ಟಿಮೀಟರ್ ಇದೆಯಲ್ಲ, ಅದೂ ಓಮ್ ತೋರಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೂ ಉತ್ತರ ಎವರ್‌ಶೆಡ್‌ರಲ್ಲೇ ಇದೆ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಅವರು ಹತ್ತಿ ಸುತ್ತಿದ ತಂತಿಗಳ ಒದ್ದೆ ಇನ್ಸುಲೇಷನ್ನನ್ನು ವಿವರವಾಗಿ ಅಭ್ಯಾಸ ಮಾಡಿ ಒಂದು ವಿಚಿತ್ರವನ್ನು ಕಂಡರು. ಮಾಮೂಲಿ ರೋಧಕದಲ್ಲಿ ವೋಲ್ಟೇಜು ಎಷ್ಟೇ ಇದ್ದರೂ ರೋಧ ಅಷ್ಟೇ ಇರುತ್ತದೆ. ಒದ್ದೆ ಇನ್ಸುಲೇಷನ್ನಿನಲ್ಲಿ ವೋಲ್ಟೇಜು ಏರಿಸಿದಂತೆ ರೋಧ ಇಳಿಯುತ್ತದೆ. ಕಾರಣ, ರಂಧ್ರಗಳೊಳಗಿನ ನೀರು ಬಿಡಿಬಿಡಿ ಹನಿಗಳಾಗಿ ಕೂತಿರುತ್ತದೆ, ನಡುವೆ ತೀರ ತೆಳುವಾದ ಪದರಗಳಷ್ಟೇ ಇರುತ್ತವೆ. ವಿದ್ಯುತ್ ಒತ್ತಡ ಹೆಚ್ಚಿದಾಗ ನೀರು ಹನಿಗಳಿಂದ ಹೊರಟು ರಂಧ್ರದ ಗೋಡೆಗುಂಟ ಹರಡಿಕೊಳ್ಳುತ್ತದೆ, ಪದರಗಳು ದಪ್ಪಗಾಗಿ ದಾರಿ ಅಗಲವಾಗುತ್ತದೆ. ಬ್ಯಾಟರಿಯ ಕೆಲವೇ ವೋಲ್ಟ್‌ಗಳಲ್ಲಿ ಅಳೆಯುವ ಮಲ್ಟಿಮೀಟರ್ ಈ ಹನಿಗಳನ್ನು ಎಬ್ಬಿಸುವುದೇ ಇಲ್ಲ. ಅದು ಚೆನ್ನಾಗಿದೆ ಎಂದ ಮೋಟಾರು 415 ವೋಲ್ಟ್‌ಗೆ ಸುಡುತ್ತದೆ. "ಮೀಟರ್ ಹಚ್ಚಿ ನೋಡಿದ್ದೆವು, ಆದರೂ ಹೋಯಿತು" ಎಂಬ ಅಳಲು ಕೇಳಿದಾಗಲೆಲ್ಲ ಹಚ್ಚಿದ್ದು ಯಾವ ಮೀಟರ್ ಎಂದು ಕೇಳಬೇಕು.

ಮೆಗ್ಗರ್‌ನಲ್ಲಿ ಎಷ್ಟು ಬಂದರೆ ಸಾಕು? ಮೋಟಾರಿನ ಕಿಲೋವೋಲ್ಟ್‌ಗೆ ಒಂದು ಕೂಡಿಸಿದಷ್ಟು ಮೆಗಾಓಮ್ ಇರಬೇಕೆಂಬುದು ಎಂಜಿನಿಯರುಗಳ ಹಳೆಯ ರೂಢಿ. ಅದರಂತೆ ಹೊಲದ ಮೋಟಾರಿಗೆ ಒಂದೂವರೆ ಸಾಕು. ಈಗಿನ ಕಟ್ಟುನಿಟ್ಟಿನ ಪ್ರಕಾರ ಇಂಥ ಸಣ್ಣ ಮೋಟಾರಿಗೆ ಕನಿಷ್ಠ ಐದು ಬೇಕು. ಒಳ್ಳೆಯ ಮೋಟಾರು ನೂರು ದಾಟುತ್ತದೆ.

ಒಣಗಿಸುವಾಗ ಗಂಟೆಗೊಮ್ಮೆ ಅಳೆದು ಬರೆದಿಟ್ಟರೆ ಒಂದು ಚಂದದ ಗೆರೆ ಸಿಗುತ್ತದೆ. ಹೊಸಬರಿಗೆ ಅದು ಗಾಬರಿ ಹುಟ್ಟಿಸುತ್ತದೆ. ಬಿಸಿಮಾಡಲು ಶುರುಮಾಡಿದಾಗ ಅಂಕಿ ಏರಬೇಕಲ್ಲ? ಅದು ಇಳಿಯುತ್ತದೆ. ಎರಡಿದ್ದದ್ದು ಒಂದಾಗುತ್ತದೆ, ಒಂದಿದ್ದದ್ದು ಕಾಲಾಗುತ್ತದೆ. ಹಾಳಾಯಿತು ಎಂದು ಅನೇಕರು ಅಲ್ಲಿಗೇ ಬಿಟ್ಟು ಬಿಡುತ್ತಾರೆ. ಆಗುತ್ತಿರುವುದು ಬೇರೆ. ಇನ್ಸುಲೇಷನ್ನಿನ ರೋಧ ಪ್ರತಿ 10 ಡಿಗ್ರಿ ಬಿಸಿಗೂ ಸುಮಾರು ಅರ್ಧಕ್ಕಿಳಿಯುತ್ತದೆ. 30ರಿಂದ 80ಕ್ಕೆ ಏರುವಾಗ ಐದು ಸಲ ಅರ್ಧವಾಗುತ್ತದೆ, ಅಂದರೆ 32ರಲ್ಲಿ ಒಂದು ಪಾಲು. ಇದರೊಂದಿಗೆ ಆಳದಲ್ಲಿದ್ದ ತೇವ ಕಾದು ಎಲ್ಲೆಡೆ ಹರಡಿಕೊಳ್ಳುತ್ತದೆ. ಗೆರೆ ತಳ ಮುಟ್ಟಿ ಕೆಲವು ಗಂಟೆ ಅಲ್ಲೇ ತೆವಳುತ್ತದೆ. ಆಮೇಲೆ ಮೆಲ್ಲಗೆ ಏರತೊಡಗುತ್ತದೆ, ಬಿಸಿ ಅಷ್ಟೇ ಇದ್ದರೂ ಏರುತ್ತದೆ. ನೀರು ನಿಜಕ್ಕೂ ಹೊರಟಿತು ಎನ್ನುವುದಕ್ಕೆ ಅದೇ ಗುರುತು. ಏರಿ ಏರಿ ಒಂದು ಮಟ್ಟಕ್ಕೆ ಬಂದು ನಿಂತರೆ, ಐದಾರು ಗಂಟೆ ಅಲುಗಾಡದಿದ್ದರೆ, ಕೆಲಸ ಮುಗಿಯಿತು. ತಣ್ಣಗಾದ ಮೇಲೆ ಅದೇ ಮೋಟಾರು ಹತ್ತಾರು ಪಟ್ಟು ತೋರಿಸುತ್ತದೆ. ಬಿಸಿಯಲ್ಲಿ ನಾಲ್ಕಿದ್ದದ್ದು ಬೆಳಗ್ಗೆ ನೂರು ದಾಟುತ್ತದೆ. ಇದೆಲ್ಲ ಆದ ಮೇಲೆ ವಾರ್ನಿಷಿನಲ್ಲಿ ಮತ್ತೊಮ್ಮೆ ಅದ್ದಿ ಬೇಯಿಸಿದರೆ ಆ ಸಾವಿರಾರು ತೂತುಗಳ ಬಾಯಿ ಮುಚ್ಚುತ್ತದೆ.

ವೈಂಡಿಂಗಿಗೆ ಕೊಟ್ಟ ಈ ಆರೈಕೆಯನ್ನು ಸ್ಟಾರ್ಟರ್‌ಗೆ ಕೊಡಬೇಕಿಲ್ಲ. ಓವರ್‌ಲೋಡ್ ರಿಲೇ, ಎಂಸಿಬಿ, ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರ್, ಇವೆಲ್ಲ ಮುಳುಗಿದ್ದರೆ ಬದಲಿಸಿಬಿಡಿ. ಅವುಗಳೊಳಗಿನ ಸಣ್ಣ ಸ್ಪ್ರಿಂಗು, ಬೈಮೆಟಲ್ ಪಟ್ಟಿಗಳ ಮೇಲೆ ಕೂತ ಕೆಸರು ಕಣ್ಣಿಗೆ ಕಾಣುವುದಿಲ್ಲ. ಮೋಟಾರನ್ನು ಕಾಯಬೇಕಾದ ರಿಲೇ ಬೇಕಾದಾಗ ಬೀಳದೆ ಕಚ್ಚಿಕೊಂಡರೆ ಒಣಗಿಸಿದ್ದೆಲ್ಲ ದಂಡ. ಪಂಪಿನ ಕಡೆ ಇಂಪೆಲರ್‌ನಲ್ಲಿ ಸಿಕ್ಕ ಕಬ್ಬಿನ ರವದಿ, ಕಚ್ಚಿದ ಫುಟ್‌ವಾಲ್ವ್, ಹಿಗ್ಗಿದ ಗ್ಲ್ಯಾಂಡ್ ದಾರ ನೋಡಿಕೊಳ್ಳಬೇಕು. ನೆರೆ ತಳಪಾಯವನ್ನೇ ಓರೆ ಮಾಡಿದ್ದರೆ ಕಪ್ಲಿಂಗ್ ಮತ್ತೆ ನೇರ ಮಾಡಬೇಕು.

ಇಷ್ಟು ಓದಿದವರಿಗೆ ಒಂದು ಪ್ರಶ್ನೆ ಬಂದಿರುತ್ತದೆ. ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ವರ್ಷಗಟ್ಟಲೆ ನೀರಿನೊಳಗೇ ಇರುತ್ತದಲ್ಲ? ನಮ್ಮ ಹೊಲಗಳ ಅಂಥ ಮೋಟಾರುಗಳ ಹೊಟ್ಟೆಯಲ್ಲಿ ಬೇಕೆಂದೇ ನೀರು ತುಂಬಿರುತ್ತಾರೆ. ಆ ತಂತಿಗೆ ಎನಾಮಲ್‌ನ ತೆಳು ಪೊರೆ ಸಾಲದು. ಪಿವಿಸಿ ಅಥವಾ ಪಾಲಿಪ್ರೊಪಿಲೀನ್‌ನ ದಪ್ಪ ಹೊದಿಕೆ ಹೊಲಿದಂತೆ ಸುತ್ತಿರುತ್ತದೆ, ಒಂದೂ ತೂತಿಲ್ಲದಂತೆ. ಒಳಗಿನ ನೀರೇ ಅದನ್ನು ತಂಪಾಗಿಡುತ್ತದೆ, ಬೇರಿಂಗಿಗೆ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ನೆರೆ ಬಂದಾಗ ಕೆಳಗಿನ ಮೋಟಾರಿಗೆ ಏನೂ ಆಗದಿರಬಹುದು, ಕೆಡುವುದು ಮೇಲಿನ ಡಬ್ಬಿ ಮತ್ತು ಕೇಬಲ್ಲಿನ ಜೋಡು. ಕೇಸಿಂಗ್ ಪೈಪು ಮುಳುಗಿದ್ದರೆ ಬಾವಿಯ ನೀರೇ ಕೆಟ್ಟಿರುತ್ತದೆ. ಆಗ ಬ್ಲೀಚಿಂಗ್ ಪೌಡರ್ ಹಾಕಿ ನೀರನ್ನು ಹೊರಗೆ ಹೊಡೆದು, ಪರೀಕ್ಷೆ ಮಾಡಿಸಿದ ಮೇಲೆಯೇ ಕುಡಿಯಬೇಕು. ಮೋಟಾರಿನ ತಗಡಿನ ಮೇಲೆ ಐಪಿ 55 ಎಂದು ಬರೆದದ್ದನ್ನು ನೋಡಿ ನೀರಿಗೆ ಹೆದರದ ಮೋಟಾರು ಎಂದು ನಂಬುವವರೂ ಇದ್ದಾರೆ. ಅದರಲ್ಲಿ ಎರಡನೆಯ ಐದು, ಪೈಪಿನ ಧಾರೆಯನ್ನು ತಡೆಯುವುದಕ್ಕೆ ಕೊಟ್ಟದ್ದು. ಮುಳುಗಿಯೇ ಇರುವುದಕ್ಕೆ ಆ ಅಂಕಿ ಎಂಟಾಗಿರಬೇಕು.

ಒಣಗಿಸುವ ಈ ತಾಳ್ಮೆ ಹೊಲದ ಮೋಟಾರಿಗಷ್ಟೇ ಅಲ್ಲ, ನಗರದ ದೊಡ್ಡ ಪಂಪುಗಳಿಗೂ ಬೇಕು. 2022ರ ಸೆಪ್ಟೆಂಬರ್ ಮೊದಲ ವಾರ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಭಾರಿ ಮಳೆಗೆ ನೀರು ಉಕ್ಕಿ ಬೆಂಗಳೂರಿಗೆ ಕಾವೇರಿ ಕಳಿಸುವ ಪಂಪ್‌ಹೌಸುಗಳಿಗೆ ನುಗ್ಗಿತು. ಬೆಂಗಳೂರಿನ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ, ಹಂತ ಹಂತವಾಗಿ ಹತ್ತಿ ಬರುತ್ತಾಳೆ. ಒಂದು ಸಾವಿರ ಲೀಟರ್ ನೀರನ್ನು ಅಷ್ಟೆತ್ತರ ಏರಿಸಲು, ಎಲ್ಲೂ ಪೋಲಾಗದಿದ್ದರೂ, ಒಂದೂಕಾಲು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ರಾಜಧಾನಿಯ ರಸ್ತೆಗಳಲ್ಲಿ ದೋಣಿ ಓಡಿಸುವಷ್ಟು ನೀರಿದ್ದ ಆ ದಿನಗಳಲ್ಲೇ ನಲ್ಲಿಗಳು ಒಣಗಿದವು. ಮಳೆ ನಿಂತ ಕೂಡಲೇ ನೀರು ಬಿಡಬಾರದೇ ಎಂದು ಜನ ಸಿಟ್ಟಾದದ್ದು ಸಹಜ. ಆದರೆ ನೀರನ್ನು ಹೊರಗೆ ಹಾಕಿ, ತೊಳೆದು, ಒಣಗಿಸಿ, ಅಳೆದು, ಒಂದೊಂದೇ ಯಂತ್ರವನ್ನು ಎಬ್ಬಿಸದೆ ಬೇರೆ ದಾರಿಯಿಲ್ಲ. ಅಂಥ ಯಂತ್ರವೊಂದು ಆತುರದಲ್ಲಿ ಸುಟ್ಟರೆ ಬದಲಿ ಸಿಗುವುದಕ್ಕೆ ತಿಂಗಳುಗಳೇ ಬೇಕಾದಾವು.

ಒಣಗಿಸುವಷ್ಟು ಸಮಯವೇ ಇಲ್ಲದ ಸಂದರ್ಭವೂ ಇದೆ. 2011ರ ಮಾರ್ಚ್ 11ರ ಸುನಾಮಿ ಜಪಾನಿನ ಫುಕುಶಿಮಾ ದಾಯಿನಿ ಅಣುಸ್ಥಾವರದ ಸಮುದ್ರ ನೀರಿನ ಪಂಪುಗಳನ್ನು ಮುಳುಗಿಸಿತು. ದುರಂತಕ್ಕೀಡಾದ ದಾಯಿಚಿಯಿಂದ ಅದು ಹನ್ನೆರಡು ಕಿಲೋಮೀಟರ್ ದೂರ. ನಾಲ್ಕರಲ್ಲಿ ಮೂರು ರಿಯಾಕ್ಟರುಗಳ ತಂಪು ಕೈತಪ್ಪಿತು. ಸಮುದ್ರದ ನೀರಿನ ವಾಹಕತೆ ನದಿ ನೀರಿಗಿಂತ ಸುಮಾರು ನೂರು ಪಟ್ಟು, ಜತೆಗೆ ಒಣಗಿದ ಮೇಲೂ ಉಪ್ಪು ಉಳಿಯುತ್ತದೆ, ಗಾಳಿಯ ತೇವವನ್ನು ಎಳೆದು ಮತ್ತೆ ಒದ್ದೆಯಾಗುತ್ತದೆ. ಅಲ್ಲಿನವರು ಹೊಸ ಮೋಟಾರುಗಳನ್ನು ತರಿಸಿದರು, ಸುಮಾರು 200 ಜನ ಹೆಗಲು ಕೊಟ್ಟು ಒಂಬತ್ತು ಕಿಲೋಮೀಟರ್ ದಪ್ಪ ಕೇಬಲ್ ಎಳೆದರು. ಮಾರ್ಚ್ 15ರ ಬೆಳಗ್ಗೆಯ ಹೊತ್ತಿಗೆ ನಾಲ್ಕೂ ರಿಯಾಕ್ಟರುಗಳು ತಣಿದಿದ್ದವು. ದಾಯಿಚಿಯ ಹೆಸರು ಗೊತ್ತಿರುವ ನಮಗೆ ದಾಯಿನಿಯ ಹೆಸರು ಗೊತ್ತಿಲ್ಲದಿರುವುದಕ್ಕೆ ಆ ಮೋಟಾರು ಕೇಬಲ್ಲುಗಳೇ ಕಾರಣ.

ಕಬ್ಬಿನ ಹೊಲಕ್ಕೆ ಅಂಥ ಅವಸರವಿಲ್ಲ. ನೆರೆ ಇಳಿದ ಹೊಲದಲ್ಲಿ ಮಣ್ಣು ಇನ್ನೂ ಹದಿನೈದು ದಿನ ಹಸಿಯಾಗಿಯೇ ಇರುತ್ತದೆ, ನೀರು ಹಾಯಿಸುವ ತುರ್ತು ಯಾರಿಗೂ ಇಲ್ಲ. ಆ ಹರೆಯದ ರೈತ ಮೋಟಾರು ಅಲ್ಲೇ ಬಿಟ್ಟುಹೋದ. ಹಿರಿಯರು ಅದನ್ನು ಬಿಚ್ಚಿ, ಸ್ಲಾಟ್‌ನಿಂದ ಮುಷ್ಟಿ ತುಂಬ ಎರೆಮಣ್ಣು ತೊಳೆದು ತೆಗೆದರು. ಮೂರನೇ ದಿನ ನಾನು ಮತ್ತೆ ಆ ಕಡೆ ಹಾದುಹೋದಾಗ ಅದರ ಬೆನ್ನ ಮೇಲೆ ಚಾಕ್‌ಪೀಸಿನ ಸೊನ್ನೆ ಒರೆಸಿ 0.8 ಎಂದು ಬರೆದಿತ್ತು. ರೈತ ಬಂದು ನಿಂತಿದ್ದ. ಹಿರಿಯರು ಗೋಣಿಚೀಲವನ್ನು ಮತ್ತೆ ಹೊದಿಸಿ, ಮೇಲಿನ ಕಿಂಡಿಯನ್ನು ಬೆರಳಿನಿಂದ ಸರಿಮಾಡಿ ಹೇಳಿದರು: "ನಾಳೆ ಬ್ಯಾಡ. ನಾಡದ ಬಾ."